ಎಳೆಗರಿ ಕಟ್ಟಿದ ಮರ

"ಅಲ್ಲಿ ನಿಲ್ಲು ಫಿನಾ. ಮರದ ಪಕ್ಕ. ಹಾಂ, ಹಾಗೇ," ಎನ್ನುತ್ತ ಮಿಸ್ತರ್ ಯೋರಿಸ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮರಳಿನ ಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟ.

ಫಿನಾ ಮೀನಿನ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಳು. ಹೊತ್ತು ಮುಳುಗುವುದರಲ್ಲಿತ್ತು. ಬೆಳಿಗ್ಗೆಯಷ್ಟೇ ಅವ್ವ ಹೆಣೆದು ತೆಂಗಿನ ಬೊಡ್ಡೆಗೆ ಸುತ್ತಿದ್ದ ಎಳೆಗರಿ ಇನ್ನೂ ಬೆಣ್ಣೆಯ ಬಣ್ಣದಲ್ಲೇ ಇತ್ತು. ಗಾಳಿ ಬಂದಾಗಲೆಲ್ಲ ಅದರ ಸೀಳುಗಳು ಅವಳ ತೋಳಿಗೆ ತಾಕುತ್ತಿದ್ದವು.

"ಚೆಂದ. ತುಂಬ ಚೆಂದ," ಎಂದ ಅವನು, ಗರಿಯನ್ನು ತೋರಿಸಿ. "ಇದು... ಅಲಂಕಾರ? ಹಬ್ಬ ಇದೆಯಾ?"

ಅಲ್ಲ ಎನ್ನಬೇಕಿತ್ತು. ಹೀಗೆ ಗರಿ ಸುತ್ತಿದ್ದನ್ನು ಯಾರೂ ಮುಟ್ಟಬಾರದೆಂಬುದು ಆ ದ್ವೀಪದಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ಮರಕ್ಕೆ ಕಟ್ಟಿದರೆ ಮರ, ಹೊಲಕ್ಕೆ ಕಟ್ಟಿದರೆ ಹೊಲ, ಕಡಲಿನಲ್ಲಿ ಗೂಟ ನೆಟ್ಟು ಕಟ್ಟಿದರೆ ಅಷ್ಟು ಕಡಲು. ಹವೆಯಾರ್ ಎನ್ನುತ್ತಾರೆ ಅದಕ್ಕೆ. ಆದರೆ ಅದನ್ನು ಯಾರಾದರೂ ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದು ಫಿನಾಳಿಗೆ ನೆನಪಿರಲಿಲ್ಲ. ಬೆಂಕಿ ಸುಡುತ್ತದೆ ಎಂದು ಬೆಳೆದವರಿಗೆ ಯಾರು ಹೇಳುತ್ತಾರೆ? ಎಲ್ಲಿಂದ ಶುರುಮಾಡಲಿ ಎಂದು ಅವಳು ಮಾತು ಹುಡುಕುತ್ತಿರುವಾಗಲೇ ಮಿಸ್ತರ್ ನಗುತ್ತಿದ್ದ. ಅವನ ಕೆಂಪು ಮುಖದ ತುಂಬ ಸಂತೋಷವಿತ್ತು. ಅದನ್ನು ಕೆಡಿಸುವುದು ಅವಳಿಂದಾಗಲಿಲ್ಲ. ಹೂಂ ಎಂದು ತಲೆಯಾಡಿಸಿದಳು. ಫೋನು ಟಿಕ್ ಎಂದಿತು.

ಮೂರು ದಿನಕ್ಕೆಂದು ವಾರದ ಹಡಗಿನಲ್ಲಿ ಬಂದಿಳಿದಿದ್ದ ಮನುಷ್ಯ ಎಂಟು ತಿಂಗಳಾದರೂ ಹೋಗಿರಲಿಲ್ಲ. ಎಷ್ಟೋ ದ್ವೀಪ ಸುತ್ತಿದ್ದನಂತೆ, ಇಂಥ ಮರಳು ಎಲ್ಲೂ ಕಂಡಿರಲಿಲ್ಲವಂತೆ. ಚಿಕ್ಕಪ್ಪ ಟಿಯುಸನ ಮನೆಯ ಮುಂದಿನ ಕೋಣೆಯಲ್ಲಿ ಉಳಿದ. ಮೆಲ್ಲಗೆ ಭಾಷೆ ಕಲಿತ, ಮರಗೆಣಸಿನ ರೊಟ್ಟಿ ಎಂಬಾಲ್ ತಿನ್ನುವುದನ್ನೂ ಕಲಿತ. ಕೊನೆಗೆ ಚಿಕ್ಕಪ್ಪನ ದಂಡೆಯ ನೆಲವನ್ನು ಮೂವತ್ತು ವರ್ಷಕ್ಕೆ ಗುತ್ತಿಗೆ ಹಿಡಿದ. ಪ್ರವಾಸಿಗಳಿಗೆ ನಾಲ್ಕು ಗುಡಿಸಲು, ಒಂದು ಅಡುಗೆಮನೆ. ಅಡುಗೆಮನೆ ಫಿನಾಳದ್ದೇ ಎಂದು ಈಗಲೇ ಹೇಳಿಬಿಟ್ಟಿದ್ದ. ಬಾವಿಯ ಹತ್ತಿರ ಹೆಂಗಸರಿಗೆ ಆಡಿಕೊಳ್ಳಲು ಅದೊಂದು ಸಿಕ್ಕಿತ್ತು.

"ಏನೇ ಫಿನಾ, ನಿಮ್ಮ ಮಿಸ್ತರಿಗೆ ಮೀನಿನ ಮುಳ್ಳು ನೀನೇ ಬಿಡಿಸಿ ಕೊಡ್ತೀಯಂತೆ?" ಎಂದು ಡೋರ್ಸಿ ಕೆಣಕುವಳು.

"ಬಿಡಿಸಿ ಕೊಡಲ್ಲ ಅಕ್ಕ. ಅವರು ಅರ್ಧ ಬೆಕ್ಕಿಗೆ ಹಾಕ್ತಾರೆ."

"ನೋಡ್ರೇ, ಇವಳಿಗೂ ಬಾಯಿದೆ!" ಎಂದು ಎಲ್ಲರೂ ನಕ್ಕರೆ ಫಿನಾ ಕೊಡ ಎತ್ತಿಕೊಂಡು ಹೊರಟುಬಿಡುವಳು.

ನೆಲ ಚಿಕ್ಕಪ್ಪನದಾದರೂ ಅದರ ನಡುವೆ ನಿಂತ ಆ ಒಂದು ತೆಂಗು ಅವ್ವನದು. ಅಣ್ಣ ಬೋನಿ ಹುಟ್ಟಿದ ದಿನ ಅಪ್ಪ ಮಗುವಿನ ಹೊಕ್ಕುಳಬಳ್ಳಿ, ಕಸವನ್ನು ಅಲ್ಲಿ ಹೂತು, ಅದರ ಮೇಲೆ ಮೊಳಕೆಯೊಡೆದ ಕಾಯಿ ನೆಟ್ಟಿದ್ದ. ಹತ್ತೊಂಬತ್ತನೆಯ ವಯಸ್ಸಿಗೆ ಬೋನಿ ಮೀನಿನ ಹಡಗು ಹತ್ತಿದ. ಹಡಗು ಮರಳಿತು, ಬೋನಿ ಮರಳಲಿಲ್ಲ. ಅವ್ವ ಹಾಸಿಗೆ ಹಿಡಿದಳು, ಫಿನಾ ಆರನೆಯ ತರಗತಿಗೆ ಶಾಲೆ ಬಿಟ್ಟಳು. ಅದಾಗಿ ಒಂಬತ್ತು ವರ್ಷ. ಸತ್ತವರ ಹಬ್ಬದ ದಿನ ಊರವರೆಲ್ಲ ಮೇಣದಬತ್ತಿ ಹಿಡಿದು ಸಮಾಧಿಗಳಿಗೆ ಹೋದರೆ ಅವ್ವ ದಂಡೆಗೆ ಹೋಗಿ ಆ ಬುಡದಲ್ಲಿ ಒಂದು ಹಚ್ಚಿ ಬರುತ್ತಿದ್ದಳು. ಬೇರೆಲ್ಲಿ ಹಚ್ಚುವುದು?

ಗುತ್ತಿಗೆಯ ಮಾತು ಕಿವಿಗೆ ಬಿದ್ದಾಗ ಅವ್ವ ಮೈದುನನನ್ನು ಕರೆದು ಕೇಳಿದ್ದಳು.

"ಮರದ ವಿಷಯ ಅವನಿಗೆ ಹೇಳಿದ್ಯಾ?"

"ಏನತ್ತಿಗೆ ನೀನು! ನೆಲ ನೆಲದವರದು, ಮರ ನೆಟ್ಟವರದು. ಅಷ್ಟು ಓದಿದೋನಿಗೆ ಅಷ್ಟೂ ಗೊತ್ತಿರಲ್ವಾ?"

"ಒಂದ್ ಮಾತು ಹೇಳಬಾರದಾ?"

"ಮನೇಲಿ ಉಂಡ ಅತಿಥಿ. ಅವನ ಮುಂದೆ ಹೋಗಿ ಇದು ನಮ್ಮದು, ಮುಟ್ಟಬೇಡ ಅಂದ್ರೆ ಕಳ್ಳ ಅಂದ ಹಾಗೆ. ನನ್ನ ಕೈಲಾಗಲ್ಲ."

ಅದು ಅವ್ವನಿಗೂ ಸರಿ ಅನ್ನಿಸಿತು. "ಹಾಗಾದ್ರೆ ನಾನೇ ಗರಿ ಕಟ್ತೀನಿ ಬಿಡು. ಅದೇ ಹೇಳುತ್ತೆ," ಎಂದಳು. ಕಟ್ಟಿದ ಮೇಲೆ ನಿಶ್ಚಿಂತೆಯಿಂದ ಎರಡು ಹೊತ್ತೂ ಉಂಡಳು.

ಫೋಟೋ ತೆಗೆದ ಮರುದಿನ ಎಂದಿನಂತೆ ಮಿಸ್ತರನ ಕೋಣೆ ಗುಡಿಸುವಾಗ ಮೇಜಿನ ಮೇಲೆ ಹಾಸಿದ್ದ ನಕ್ಷೆ ಫಿನಾಳ ಕಣ್ಣಿಗೆ ಬಿತ್ತು. ದಂಡೆ, ದೋಣಿ ಕಟ್ಟುವ ಬಂಡೆ, ಬಾವಿಯ ದಾರಿ ಎಲ್ಲವೂ ಇದ್ದವು. ಬಂಡೆಯಿಂದ ಬೆರಳಿಟ್ಟು ಅಳೆದುಕೊಂಡು ಬಂದಳು. ಅಣ್ಣನ ಮರ ಇರಬೇಕಾದ ಜಾಗದಲ್ಲಿ ನೀಲಿ ಬಣ್ಣದ ಒಂದು ಕೊಳ ಬರೆದಿತ್ತು. ಮೂಲೆಗೆ ಬಿದ್ದ ದೂಳು ಒರೆಸಿ, ನಕ್ಷೆ ಗಾಳಿಗೆ ಹಾರದಂತೆ ಹೇರಿದ್ದ ಕವಡೆಯನ್ನು ಮೊದಲಿದ್ದಲ್ಲೇ ಇಟ್ಟಳು. ಹೊರಗೆ ಮಿಸ್ತರ್ ಕಾಫಿ ಕುಡಿಯುತ್ತ ಕೂತಿದ್ದ. ಅವನ ಮುಂದೆ ಸುಮ್ಮನೆ ಎರಡು ಸಲ ಹಾದುಹೋದಳು.

"ಏನು ಫಿನಾ?" ಎಂದ.

"ಸಕ್ಕರೆ ಬೇಕಾ?" ಎಂದಳು.

ನಾಳೆ ಹೇಳಿದರಾಯಿತು ಎಂದುಕೊಂಡಳು. ಆದರೆ ಹೇಳಬೇಕಾದರೆ ನಿನ್ನೆ ಆಡಿಸಿದ ತಲೆಯ ಮಾತೂ ಬರುತ್ತದೆ. ಸುಳ್ಳುಗಾರ್ತಿ ಅಂದುಕೊಂಡಾನು. ಅಡುಗೆಮನೆ ಡೋರ್ಸಿಯ ಮಗಳಿಗೆ ಹೋದೀತು. ಹಾಗೆ ಹೀಗೆ ಆರು ನಾಳೆಗಳು ಕಳೆದವು.

ಏಳನೆಯ ದಿನ ಅವ್ವ ಮಗಳಿಬ್ಬರೂ ಗುಡ್ಡದ ಮೇಲಿನ ಹೊಲದಲ್ಲಿ ಮರಗೆಣಸು ಕೀಳುತ್ತಿದ್ದರು. ಬೆಳಿಗ್ಗೆ ಪೇಟೆಯಿಂದ ಒಂದು ದೋಣಿ ಬಂದದ್ದನ್ನೂ ಬೇರೆ ದ್ವೀಪದ ಕೂಲಿಗಳು ಇಳಿದದ್ದನ್ನೂ ನೋಡಿಯೇ ಹತ್ತಿದ್ದರು. ಬಿಸಿಲೇರುವ ಹೊತ್ತಿಗೆ ಕೆಳಗಿನಿಂದ ಯಂತ್ರದ ಗರಗಸದ ಸದ್ದು ಕೇಳಿತು.

ಅವ್ವ ಬೆನ್ನು ನೆಟ್ಟಗೆ ಮಾಡಿ ಕಿವಿಗೊಟ್ಟಳು. "ಯಾರೋ ದೋಣಿಗೆ ಹಲಗೆ ಕೊಯ್ತಿದಾರೆ," ಎಂದು ಮತ್ತೆ ಬಾಗಿದಳು.

ಫಿನಾ ಎದ್ದು ನಿಂತಳು. ಓಡಿದರೆ ಇಳಿಜಾರು ದಾರಿ, ಎಷ್ಟು ಹೊತ್ತು? ಬಾಯಿ ತೆರೆದಳು.

"ಅವ್ವ..."

"ಬುಡ ಹಿಡಿದು ಎಳೆಯೇ, ಗೆಡ್ಡೆ ಮುರಿಯುತ್ತೆ."

ಫಿನಾ ಬಾಗಿ ಎಳೆದಳು. ಗೆಡ್ಡೆ ಮುರಿಯಿತು. ಗರಗಸದ ದನಿ ತಗ್ಗಿತು, ಮತ್ತೆ ಏರಿತು, ಒಮ್ಮೆಲೇ ನಿಂತಿತು. ಆಮೇಲೆ ಕಡಲ ಕಡೆಯಿಂದ ದೊಡ್ಡ ಅಲೆ ಬಂಡೆಗೆ ಬಡಿದಂಥ ಒಂದು ಸದ್ದು. ಕಡಲು ಆಗ ಇಳಿದಿತ್ತು, ಅಲೆಯೇ ಇರಲಿಲ್ಲ. ಅವ್ವನ ಕೈಯಲ್ಲಿದ್ದ ಕತ್ತಿ ಅಲ್ಲೇ ನಿಂತಿತು.

ಅವರು ದಂಡೆಗೆ ಬರುವಷ್ಟರಲ್ಲಿ ಅರ್ಧ ಊರು ನೆರೆದಿತ್ತು. ಮರ ಕಡಲಿಗೆ ತಲೆಮಾಡಿ ಬಿದ್ದಿತ್ತು, ಎಳನೀರುಗಳು ಮರಳಿನಲ್ಲಿ ಉರುಳಾಡಿದ್ದವು. ಗರಿಯನ್ನು ಯಾರೋ ಹಾಳಾಗದಂತೆ ಬಿಚ್ಚಿ ಬಂಡೆಯ ಮೇಲಿಟ್ಟಿದ್ದರು. ಚಿಕ್ಕಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅವ್ವ ಅಳಲಿಲ್ಲ. ಹಸಿ ಬುಡದ ಮೇಲೆ ಅಂಗೈಯಿಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಯಾರೋ ಮಿಸ್ತರನಿಗೆ ಎಲ್ಲ ಹೇಳಿರಬೇಕು. ಅವನ ಮುಖ ಬೂದಿಯಂತಾಗಿತ್ತು. "ಯಾಕೆ ಯಾರೂ ನನಗೆ ಹೇಳಲಿಲ್ಲ? ಒಂದು ಮಾತು! ಕೊಳ ಆಚೆ ಮಾಡುತ್ತಿದ್ದೆ."

"ಹೇಳದೆ ಏನು? ಗರಿ ಕಟ್ಟಿರಲಿಲ್ವಾ?" ಎಂದು ಡೋರ್ಸಿ ಸಿಡಿದಳು. "ಗೊತ್ತಾಗದಿದ್ರೆ ಯಾರನ್ನಾದ್ರೂ ಕೇಳಬೇಕಪ್ಪ! ಬಾಯಿರಲಿಲ್ವಾ?"

"ನಾನು ಕೇಳಿ..." ಎಂದವನು ಗುಂಪಿನ ಹಿಂದೆ ನಿಂತ ಫಿನಾಳನ್ನು ನೋಡಿದ. ಅವಳು ಮಣ್ಣು ಮೆತ್ತಿದ ಕೈಗಳನ್ನು ಎದೆಗೆ ಒತ್ತಿಕೊಂಡಿದ್ದಳು. ನಂತರ ಕಣ್ಣು ತಗ್ಗಿಸಿ, "ಕೇಳಲಿಲ್ಲ. ತಪ್ಪು ನನ್ನದು," ಎಂದ.

ಆಗಲಾದರೂ ಫಿನಾ ಹೇಳಬಹುದಿತ್ತು.

ಅಲ್ಲಿಂದಾಚೆ ಊರು ಅವನಿಗೆ ಕೆಟ್ಟದ್ದೇನೂ ಮಾಡಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುವುದನ್ನು ಬಿಟ್ಟಿತು, ಅಷ್ಟೇ. ಮೀನು ಹಿಡಿದು ಬಂದವರು ಅವನ ಬಾಗಿಲಿಗೆ ಬರದೆ ಹಾದುಹೋದರು. ಕೂಲಿಗಳು ಒಬ್ಬೊಬ್ಬರೇ ದೋಣಿ ಹತ್ತಿದರು. ಅವ್ವ ಮಾತ್ರ ಒಂದೆರಡು ಸಲ, "ಪಾಪ, ಅವನಿಗೇನು ಗೊತ್ತು. ಕೇಳಬೇಕಿತ್ತು," ಎಂದಳು. ಫಿನಾ ಒಲೆ ಊದುತ್ತಿದ್ದಳು.

ಎರಡು ತಿಂಗಳಿಗೆ ಮಿಸ್ತರ್ ಗಂಟು ಕಟ್ಟಿದ. ಹಡಗಿನ ದಿನ ಅವ್ವನ ಮನೆಗೆ ಬಂದು, ಕೂತುಕೊಳ್ಳದೆ, ಕಾಗದ ಸುತ್ತಿದ ಒಂದು ಚೌಕಟ್ಟನ್ನು ಎರಡೂ ಕೈಯಲ್ಲಿ ಕೊಟ್ಟ. ಪೇಟೆಗೆ ಹೋದಾಗ ಮಾಡಿಸಿದ್ದಂತೆ. ಫಿನಾ ಬಾಗಿಲ ಮರೆಯಲ್ಲಿದ್ದಳು. ಅವಳಿಗೂ ಹೋಗಿಬರುತ್ತೇನೆ ಎಂದ.

ಅವನು ಹೋದ ಮೇಲೆ ಅವ್ವ ಕಾಗದ ಬಿಚ್ಚಿದಳು. ಅಣ್ಣನ ಮರ. ಅವ್ವನಲ್ಲಿ ಬೋನಿಯದು ಒಂದು ಚಿತ್ರವೂ ಇರಲಿಲ್ಲ. ಸಂಜೆಯ ಬೆಳಕಿನಲ್ಲಿ ತೊಗಟೆಯ ಒಂದೊಂದು ಬಳೆಯೂ ಎಣಿಸುವ ಹಾಗಿತ್ತು. ಹೆಣಿಗೆಯ ಗಂಟುಗಳೂ ಕಾಣುತ್ತಿದ್ದವು. ಅವ್ವ ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಯಿಂದ ಗಾಜು ಒರೆಸಿ, ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿದಳು. ಗೋಡೆಗೆ, ಮೇರಿಯಮ್ಮನ ಕೆಳಗೆ, ಮೊಳೆ ಹೊಡೆಸಿ ತೂಗುಹಾಕಿದಳು.

"ಎಷ್ಟು ಚೆನ್ನಾಗಿ ಬಂದಿದೆ ನೋಡೇ. ನೀನೂ ಇದ್ದೀಯ. ಬುಟ್ಟಿ ಬಂದಿದೆ, ಕೈ ಬಂದಿದೆ, ನಿನ್ನ ಮುಖವೇ ಮಸುಕಾಗಿಬಿಟ್ಟಿದೆಯಲ್ಲೇ." ಅವ್ವ ಹತ್ತಿರ ಹೋಗಿ ಕಣ್ಣು ಕಿರಿದುಮಾಡಿದಳು. "ಒಂದು ಗಳಿಗೆ ತಲೆ ಅಲ್ಲಾಡಿಸದೆ ನಿಲ್ಲೋಕಾಗಲಿಲ್ವಾ ನಿನಗೆ?"

ಹೊರಗೆ ಹಡಗು ಕೂಗಿತು. ಫಿನಾ ಒಲೆಯ ಮೇಲಿನ ಕಾವಲಿಯಲ್ಲಿ ಎಂಬಾಲ್ ತಿರುವಿಹಾಕಿದಳು. ಅದು ಆ ಬದಿಯಲ್ಲಿ ಆಗಲೇ ಕರಕಾಗಿತ್ತು.