ಗಾಜಿನ ಮೇಲೆ ಮೂರು ಬೆರಳು

ಬಾಳೆಕಂದು ಕಟ್ಟಿಕೊಂಡೇ ಆಲೂರಿನ ಬಸ್ಸು ಹೋಯಿತು, ನಿನ್ನೆಯ ಆಯುಧಪೂಜೆಯ ಚೆಂಡುಹೂವು ಅದರ ಮೂತಿಯ ಮೇಲೆ ಇನ್ನೂ ಅಲ್ಲಾಡುತ್ತಿದೆ, ಅದಕ್ಕೂ ಪೂಜೆಯಾಗಿದೆ ಈ ಕಂಪ್ಯೂಟರಿಗೂ ಆಗಿದೆ, ಅದು ಓಡುತ್ತದೆ, ಇದು ಮಾತ್ರ ಮುಖ ಕಪ್ಪಗೆ ಮಾಡಿಕೊಂಡು ಕೂತಿದೆ — ಶಿವಲೀಲಾ ಇನ್ನೊಂದು ಸಲ ಸ್ವಿಚ್ಚು ಒತ್ತಿದಳು, ಪೆಟ್ಟಿಗೆಯೊಳಗೆ ಫ್ಯಾನು ಬುರ್ರೆಂದಿತು, ಹಸಿರು ದೀಪ ಹತ್ತಿತು, ಗಾಜು ಕಪ್ಪಗೇ ಉಳಿಯಿತು, ದರಿದ್ರದ್ದು, ಬೆಳಗ್ಗೆಯಿಂದ ಇದೇ ಆಟ, ವರ್ಷವೆಲ್ಲ ಮದುವೆ ಕಾಗದ, ಅರ್ಜಿ, ಸಂಘದ ಕರಪತ್ರ ಅಂತ ಕತ್ತೆಯ ಹಾಗೆ ದುಡಿದು ಇವತ್ತೇ ಕೈ ಕೊಡಬೇಕಿತ್ತಾ, ದೇವೀರಪ್ಪ ಮಳಿಗೆ ನೋಡಲು ಬರುವ ದಿನವೇ? ಮೆಣಸಿನ ವ್ಯಾಪಾರಿ ಅವನು, ಮೂಟೆ ಇಡುವುದಕ್ಕೆ ಕೆ. ಹೊಸಕೋಟೆಯಲ್ಲಿ ರಸ್ತೆಬದಿ ಜಾಗವೇ ಆಗಬೇಕಂತೆ, ಕಳೆದ ಸುಗ್ಗಿಯಿಂದ ಮಾವನ ಬೆನ್ನು ಬಿದ್ದಿದ್ದಾನೆ, ಬೇತಾಳದ ಹಾಗೆ. ಮಾವ ಅಂದರೆ ಶಾಂತಮಲ್ಲಪ್ಪನವರು, ಊರೇ ಎದ್ದು ನಿಂತು ಕೈ ಮುಗಿಯುವ ಮನುಷ್ಯ, ಅವನ ಮುಖದ ಮೇಲೇ ಹೇಳಿಬಿಟ್ಟಿದ್ದರು, ಈ ಮಿಷಿನ್ನು ನಡೆಯೋಗಂಟ ಮಳಿಗೆ ನನ್ನ ಸೊಸೇದು ಕಣಯ್ಯ, ನಿಂತೋದ್ರೆ ಆಗ ನಿಂಗೆ, ಅಲ್ಲೀಗಂಟ ಕೇಳ್ಬೇಡ. ನಿಂತುಹೋಯಿತಲ್ಲ ಈಗ. ಇದು ಹೋದರೆ ಅಡುಗೆಮನೆ, ಹಟ್ಟಿ, ಅತ್ತೆಯ ಗೊಣಗಾಟ, ಬೆಳಗಿಂದ ಬೈಗಿನವರೆಗೆ ಅಷ್ಟೇ ಪ್ರಪಂಚ, ಥೂ. ನಿನ್ನೆ ಪೂಜೆ ಮುಗಿಸಿ ಮಾವ ಹೇಳಿದ್ದರು, ನಾಳೆ ದೇವೀರಪ್ಪ ಬಂದು ಒಂದ್ಸಲ ನೋಡ್ಕಂಡು ಹೋಗ್ತನಂತೆ ಕಣವ್ವ, ನೋಡಿದ್ರೆ ಸವೆದೋಗ್ತದಾ? ಅವರ ದಾಕ್ಷಿಣ್ಯವೇ ಅಂಥದ್ದು, ಯಾರಿಗೂ ಇಲ್ಲ ಅನ್ನಲಾರರು.

ಹಾಸನಕ್ಕೆ ಫೋನು ಹಚ್ಚಿದರೆ ಪ್ರದೀಪ, ಇದನ್ನು ಮಾರುವಾಗ ಮೇಡಂ ಮೇಡಂ ಅಂತ ನಾಲಿಗೆಯಲ್ಲಿ ಬೆಣ್ಣೆ ಇಟ್ಟುಕೊಂಡಿದ್ದವನು, ಗಂಡಸ್ರು ಯಾರಾದ್ರೂ ಇದ್ರೆ ಫೋನ್ ಕೊಡಿ ಅಂತಾನೆ, ಯಾಕಪ್ಪ, ಗಂಡಸರಿಗೆ ಬೇರೆ ಕಂಪ್ಯೂಟರ್ ಉಂಟಾ? ಬಾಯಿಗೆ ಬಂದದ್ದನ್ನು ನುಂಗಿಕೊಂಡಳು, ನಾನೇ ಇರೋದು, ನಂಗೇ ಹೇಳಿ ಅಂದಳು, ಹಂಗಾದ್ರೆ ಮುಚ್ಚಳ ಬಿಚ್ಚಿ, ರ‍್ಯಾಮ್ ಅಂತ ಸಣ್ಣ ಪಟ್ಟಿ ಇರ್ತದೆ, ಕಿತ್ತು ರಬ್ಬರಲ್ಲಿ ಉಜ್ಜಿ ಕೂರ್ಸಿ, ಆಗ್ಲಿಲ್ಲ ಅಂದ್ರೆ ಬಸ್ಸಿಗೆ ಹಾಕಿ ಕಳಿಸ್ಬುಡಿ, ಹಬ್ಬ ಕಳೀಲಿ ನೋಡನ. ಟಕ್ ಅಂತ ಇಟ್ಟೇಬಿಟ್ಟ. ಹಬ್ಬ ಕಳೆಯುವಷ್ಟರಲ್ಲಿ ಇಲ್ಲಿ ಮೆಣಸಿನ ಮೂಟೆ ಕೂತಿರುತ್ತದಲ್ಲೋ. ಬಿಚ್ಚಿದಳು, ಬೆರಳು ತರಚಿತು, ಒಳಗೆ ಧೂಳು, ಹಲ್ಲಿಯ ಮೊಟ್ಟೆ ಸಿಪ್ಪೆ, ಪಟ್ಟಿಯನ್ನು ಕಿತ್ತು ಉಜ್ಜುತ್ತಾಳೆ, ಪ್ರದೀಪನ ಮೂತಿಯನ್ನೇ ಉಜ್ಜಿದ ಹಾಗೆ, ನಡುಮನೆ ಬಾಗಿಲಲ್ಲಿ ಅತ್ತೆ ಬಸಮ್ಮ ಬಂದು ನಿಂತದ್ದು ಬೆನ್ನಿಗೇ ಗೊತ್ತಾಗುತ್ತದೆ, ಹೊರಗಾದೋಳು ತಲೆಗೆ ನೀರು ಬೀಳೋಕ್ಮುಂಚೆ ಅದರ ಮುಂದೆ ಹೋಗಿ ಕೂತ್ಕಂಡ್ರೆ ಇನ್ನೇನಾಗ್ತದೆ, ಪೂಜೇನೂ ಹಿಡೀಲಿಲ್ಲ ನೋಡು. ಕೊರಳಲ್ಲಿ ಲಿಂಗ, ಬಾಯಲ್ಲಿ ಮೈಲಿಗೆ. ಹೋದ ತಿಂಗಳು ಇದೇ ಮಾತಿಗೆ ಮಾವ ಗದರಿದ್ದರು, ಲಿಂಗ ಕಟ್ಕಂಡೋರಿಗೆ ಎಂತದೇ ಸೂತಕ, ಸುಮ್ಕಿರು — ಎಷ್ಟು ಹಗುರಾಗಿತ್ತು ಅವತ್ತು ಎದೆ, ಈ ಮನೆಯಲ್ಲಿ ತನ್ನ ಪರ ನಿಂತ ಒಂದೇ ಜೀವ. ಕಟ್ಟಿಕೊಂಡ ಗಂಡ ಕುಮಾರ ಸಕಲೇಶಪುರದ ಪೆಟ್ರೋಲ್ ಬಂಕಿನಲ್ಲಿ ಹೊದ್ದು ಮಲಗಿರುತ್ತಾನೆ, ಏನು ಕೇಳಿದರೂ ಅಪ್ಪಂಗೆ ಗೊತ್ತು, ಅಪ್ಪನ್ನೇ ಕೇಳು, ನಿನ್ನೆ ಪೂಜೆಗೂ ಬರಲಿಲ್ಲ, ಮಾವನೇ ಮಿಂದು ಮಡಿಯುಟ್ಟು ಬಂದರು, ಕರೆಂಟು ಇರಲಿಲ್ಲ, ಅವ್ವ ನೀನು ಆರತಿ ಹಿಡಿ, ಈಬೂತಿ ನಾನಿಡ್ತೀನಿ, ಮೂರು ಬೆರಳು ಅದ್ದಿ ಗಾಜಿನ ಮೇಲೆ ಅಡ್ಡಕ್ಕೆ ಎಳೆದರು, ನಿಧಾನವಾಗಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡುತ್ತಿತ್ತು. ಅಷ್ಟು ಭಕ್ತಿಯಿಂದ ಪೂಜೆ ಮಾಡಿಸಿಕೊಂಡು ಹೀಗಾ ನೀನು ಮಾಡುವುದು, ನಾಯಿ.

ಪಟ್ಟಿ ಕೂರಿಸಿ ಸ್ವಿಚ್ಚು ಒತ್ತಿದರೆ ಮತ್ತೆ ಕಪ್ಪು. ಆದರೆ ಪೂಜೆಗೆಂದು ಕಿತ್ತಿಟ್ಟಿದ್ದ ಸ್ಪೀಕರಿನ ವೈರನ್ನೂ ಸಿಟ್ಟಿನಲ್ಲಿ ಅಲ್ಲೇ ತುರುಕಿದ್ದಳು, ಸ್ವಲ್ಪ ಹೊತ್ತಿಗೆ ದಿನಾ ಬೆಳಗ್ಗೆ ಕೇಳುವ ಆ ಸಣ್ಣ ರಾಗ ಬಂತು — ಅಂದರೆ ಕಂಪ್ಯೂಟರ್ ಎದ್ದಿದೆ, ಚೆನ್ನಾಗಿಯೇ ಎದ್ದಿದೆ, ಕೆಟ್ಟಿರುವುದು ಅದಲ್ಲ, ಈ ಗಾಜಿನ ಪೆಟ್ಟಿಗೆ, ಇದು ತೋರಿಸುತ್ತಿಲ್ಲ ಅಷ್ಟೇ, ಎಲ್ಲಿ ನಿನ್ನ ಕಾಯಿಲೆ, ಹಿಂದಿನ ವೈರು ಗಟ್ಟಿ ಇದೆ, ದೀಪ ಇದೆ, ಕೈ ಮುಂದಿನ ಅಂಚಿನ ಅಡಿಗೆ ಹೋಯಿತು, ತಡವಿದರಷ್ಟೇ ಸಿಗುವ ಎರಡು ಹಲ್ಲಿನ ಚಕ್ರ, ಆ ಕೊನೆಗೊಂದು ಈ ಕೊನೆಗೊಂದು, ಬೆಳಕು ಏರಿಸಿ ಇಳಿಸುವಂಥವು. ಒಂದನ್ನು ತಿರುಗಿಸಿದಳು, ಗಾಜಿನಲ್ಲಿ ಮಬ್ಬು. ಇನ್ನೊಂದು ಕೈಯಲ್ಲಿ ಇನ್ನೊಂದನ್ನೂ ತಿರುಗಿಸಿದಳು, ವಿಭೂತಿಯ ಮೂರು ಗೆರೆಯ ಹಿಂದೆ ಪರದೆ ನೀಲಿಯಾಗಿ ತುಂಬಿ ಬಂತು, ಅಯ್ಯೋ ನನ್ನ ಬುದ್ಧಿಗಿಷ್ಟು, ಇಷ್ಟಕ್ಕೆ ಬೆಳಗಿಂದ ರಂಪ! ನಗು ಬಂತು, ಪಾಪ, ಮಾವ ಗೆರೆ ಎಳೆಯುವಾಗ ಹೆಬ್ಬೆರಳು ಕೆಳಗೆ ತಗುಲಿ ತಿರುಗಿಹೋಗಿದೆ, ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ. ಬೆರಳ ತುದಿ ನೋಡಿಕೊಂಡಳು, ಬೆಳ್ಳಗಿತ್ತು. ಈ ಕೈಯ ಬೆರಳೂ ಬಿಳಿ, ಆ ಕೈಯ ಬೆರಳೂ ಬಿಳಿ. ಬಗ್ಗಿ ನೋಡಿದಳು, ಚಕ್ರದ ಒಂದೊಂದು ಹಲ್ಲಿನ ಸಂದಿಯಲ್ಲೂ ಒಣಗಿದ ವಿಭೂತಿ, ಸುತ್ತ. ತಗುಲಿದರೆ ಒಂದು ಹಲ್ಲು ಮಾಸೀತು, ಎರಡು ಮಾಸೀತು. ತಗುಲಿದರೆ ಒಂದು ಚಕ್ರ ತಿರುಗೀತು. ಇವು ಎರಡೂ, ಗೇಣುದ್ದ ದೂರದಲ್ಲಿರುವ ಎರಡೂ, ಇನ್ನು ತಿರುಗದು ಅನ್ನುವವರೆಗೆ — ಇಲ್ಲ, ಇಲ್ಲ, ಅವರಿಗೇನು ಗೊತ್ತು ಇದರ ವಿಷಯ, ಗೊತ್ತು, ತಾನೇ ತೋರಿಸಿಕೊಟ್ಟದ್ದು, ಮಠದ ಕರಪತ್ರ ಮಾಡಿಸಲು ಪಕ್ಕ ಕೂತು ಕಣ್ಣು ಚುಚ್ತದೆ ಕಣವ್ವ ಅಂದಾಗ, ಮಾವ, ಇವೆರಡನ್ನೂ ಹಿಂಗೆ ತಿರುಗಿಸಿ, ಪೂರ್ತಿ ತಿರುಗಿಸಿದ್ರೆ ಏನೂ ಕಾಣಲ್ಲ ನೋಡಿ, ಆಗ ಮಗುವಿನ ಹಾಗೆ ನಕ್ಕಿದ್ದರು. ಅತ್ತೆಗೆ ಇದು ಗೊತ್ತಿಲ್ಲ. ಕುಮಾರನಿಗೂ ಗೊತ್ತಿಲ್ಲ.

ಜಗಲಿಯಲ್ಲಿ ಚಪ್ಪಲಿ ಬಿಡುವ ಸದ್ದು, ದೇವೀರಪ್ಪನ ಕೆಮ್ಮು, ಮಾವನ ಮೆತ್ತನೆಯ ದನಿ, ಏನವ್ವ, ಆಯ್ತಾ ಏನಾರಾ, ಇಲ್ವಾ, ಹೋಗ್ಲಿ ಬುಡು, ಮಿಷಿನ್ನು ಅಂದ್ಮೇಲೆ ಅಷ್ಟೇಯ, ಒಳಗೆ ಬಂದರು, ಮೇಜು ಬಳಸಿ ಗಾಜಿನ ಎದುರು ನಿಂತರು. ದೇವೀರಪ್ಪ ಪರದೆ ನೋಡಿದ, ಓ, ನಡೀತಾ ಐತಲ್ರೀ ಅಂದ. ಮಾವ ಪರದೆ ನೋಡಲಿಲ್ಲ. ಮಾವನ ಕಣ್ಣು ನೇರ ಕೆಳಗಿನ ಅಂಚಿಗೆ ಹೋಯಿತು, ಅಲ್ಲೇ ನಿಂತಿತು. ಬೇಡ ಕಣವ್ವ, ಮಳಿಗೆ ಬುಟ್ಬುಡು ಅಂತ ಮುಖ ನೋಡಿ ಒಂದು ಮಾತು ಹೇಳಿದ್ದರೆ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಕೊನೆಗೆ ಬಿಟ್ಟೂ ಬಿಡುತ್ತಿದ್ದಳೇನೋ, ಇಷ್ಟು ಉರಿಯುತ್ತಿರಲಿಲ್ಲ, ಅತ್ತೆಯ ಬಾಯಿ ಸಾವಿರ ಪಾಲು ವಾಸಿ, ಅದು ಬಾಯಿಯಲ್ಲೇ ಇರುತ್ತದೆ. ಏನೋ ಹೇಳುತ್ತಿದ್ದಾನೆ ಮಾವ ಅನ್ನಿಸಿಕೊಂಡ ಮುದುಕ, ಈಬೂತಿಯ ಮಹಿಮೆ ಅಂತಲೋ ಏನೋ, ಕಿವಿಗೆ ಬೀಳುತ್ತಿಲ್ಲ, ಕಾಣುತ್ತಿರುವುದು ನಿನ್ನೆ ಪೂಜೆಯ ಹೊತ್ತಿನ ಅವನ ಕೈಯೊಂದೇ, ಮೇಲೆ ಮೂರು ಬೆರಳು ಗಾಜಿನ ಮೇಲೆ ನಿಧಾನ ಜಾರುತ್ತಿವೆ, ಕೆಳಗೆ ಹೆಬ್ಬೆರಳು ಸುತ್ತುತ್ತಿದೆ, ಒಂದು ಚಕ್ರ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದೆ, ಕತ್ತಲೆ, ಅವನಿಗೆ ಸರಿಯಾಗಿ ಕಾಣಲಿ ಅಂತ ಅವಳು ಆರತಿ ತಟ್ಟೆಯನ್ನು ಇನ್ನೂ ಹತ್ತಿರ ಹಿಡಿಯುತ್ತಿದ್ದಾಳೆ, ಹೆಬ್ಬೆರಳು ಸುತ್ತುತ್ತಿದೆ, ಅವಳು ಹಿಡಿದ ಬೆಳಕಿನಲ್ಲೇ, ಆ ಹೆಬ್ಬೆರಳು —