ಅಂಗುಲಕ್ಕೆ ಒಂಬತ್ತು

"ಅಕ್ಷರ ನಿಮ್ಮದೇ ತಾನೇನಮ್ಮಾ? ಅಷ್ಟು ಒಪ್ಕೊಂಡು ಕೆಳಗೊಂದು ಸಹಿ ಹಾಕಿದ್ರೆ ಸಾಕು." ಅಂಗುಲ ಸಾಹೇಬರು ಕಾಗದದ ಕಟ್ಟನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು.

ಅಕ್ಷರ ಕತ್ತರಿ ಅಕ್ಕನದೇ. ಸರ್ಕಾರಿ ಪ್ಯಾರಾಚೂಟ್ ಕಾರ್ಖಾನೆಯಲ್ಲಿ ತಪ್ಪಿದ ಹೊಲಿಗೆಗಳನ್ನು ಬರೆದಿಡುವ ಕೆಂಪು ಪುಸ್ತಕದ ಹಾಳೆಗಳು, ಅವಳು ತಪಾಸಣೆಯಲ್ಲಿದ್ದ ಇಪ್ಪತ್ತೆರಡು ವರ್ಷದವು. ಜೆರಾಕ್ಸಿನಲ್ಲಿ ಕೆಂಪು ಶಾಯಿ ಕಪ್ಪಾಗಿತ್ತು. ಉಳಿದದ್ದೆಲ್ಲ ಹಾಗೇ ಇತ್ತು. ತಾರೀಖು, ಹೊಲಿದವಳ ನಂಬರು, ತಪ್ಪೇನು, ಎಷ್ಟು ಗಂಟೆಗೆ ಕತ್ತರಿಸಿದ್ದು. ಒಂದು ಹಾಳೆಯ ಮೂಲೆಯಲ್ಲಿ ಟೀ ಲೋಟದ ಗುಂಡನೆಯ ಕಲೆಯೂ ಇತ್ತು. ಆ ಲೋಟ ಇಟ್ಟಿದ್ದು ಸಾಹೇಬರೇ.

ಆಗ ಅವರು ಸೈನ್ಯದ ಕಡೆಯಿಂದ ಬಂದ ತಪಾಸಣಾಧಿಕಾರಿ. ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಆರಂಗುಲದ ಉಕ್ಕಿನ ಅಳತೆಪಟ್ಟಿ ಇಟ್ಟುಕೊಂಡು ಹೊಲಿಗೆ ಮೆಷಿನ್ನುಗಳ ನಡುವೆ ಓಡಾಡುತ್ತಿದ್ದರು. ಹೆಸರು ಬಿದ್ದಿದ್ದು ಹಾಗೆ. ಅಂಗುಲಕ್ಕೆ ಒಂಬತ್ತು ಹೊಲಿಗೆ. ಎಂಟಾದರೆ ಗಾಳಿಯ ಸೆಳೆತಕ್ಕೆ ಬಿಚ್ಚುತ್ತದೆ, ಹನ್ನೊಂದಾದರೆ ಸೂಜಿಯ ತೂತುಗಳ ಸಾಲಿನಲ್ಲೇ ಬಟ್ಟೆ ಹರಿಯುತ್ತದೆ. ಹೊಸದಾಗಿ ತಪಾಸಣೆಗೆ ಬಂದಿದ್ದ ಅಕ್ಕನಿಗೆ ಹೆಬ್ಬೆರಳ ಉಗುರಿನಲ್ಲಿ ಎಣಿಸುವುದನ್ನು ಕಲಿಸಿದವರು ಅವರು. "ಕಣ್ಣನ್ನ ನೆಚ್ಕೋಬೇಡ. ಅದಕ್ಕೆ ಮಧ್ಯಾಹ್ನ ನಿದ್ದೆ ಬರತ್ತೆ" ಎನ್ನುತ್ತಿದ್ದರು.

ತಪ್ಪಿದ್ದನ್ನು ಎಲ್ಲರೆದುರೇ ಕತ್ತರಿಸಿಬಿಡುವುದು ಅಲ್ಲಿಯ ಪದ್ಧತಿ. ಆಮೇಲೆ ಯಾರೂ ಅದನ್ನು ಒಳ್ಳೆಯದರ ಜೊತೆ ಸೇರಿಸುವ ಹಾಗಿರಲಿಲ್ಲ. ಅಕ್ಕನಿಗೆ ಕತ್ತರಿಯ ಹೆಸರು ಅಂಟಿದ್ದು ಅದರಿಂದಲೇ. ಕತ್ತರಿಸಿದ ಬಟ್ಟೆಯನ್ನು ಹೊಲಿದವಳು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಕ್ವಾರ್ಟರ್ಸಿನ ಕಿಟಕಿಗಳನ್ನು ನೋಡಿದರೆ ಯಾರ ಕೈ ಎಷ್ಟು ಸಲ ತಪ್ಪಿದೆ ಎಂದು ಗೊತ್ತಾಗುತ್ತಿತ್ತು. ಸಂಜೆಯ ಗಾಳಿಗೆ ಬೀದಿಯುದ್ದಕ್ಕೂ ಬಿಳಿ ಪರದೆಗಳು ಉಬ್ಬುತ್ತಿದ್ದವು. "ಏನೇ, ಅಡುಗೆಮನೆ ಕಿಟಕಿಗೂ ಆಯ್ತಾ? ಇನ್ನು ಬಚ್ಚಲುಮನೇದೊಂದೇ ಬಾಕಿ" ಎಂದು ಹೆಂಗಸರು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಅಕ್ಕನ ಈ ಮನೆಯ ಕಿಟಕಿಯಲ್ಲಿ ಈಗಲೂ ತೂಗುತ್ತಿದ್ದುದು ಅವಳ ಮಗಳು ಕಾರ್ಖಾನೆಗೆ ಸೇರಿದ ಮೊದಲ ವಾರದ ಕೆಲಸ. ಕತ್ತರಿಸಿದವಳು ಅಮ್ಮನೇ. ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

"ಇದರಲ್ಲಿ ಏನಂತ ಇದೆ ಸಾರ್?" ಅಕ್ಕ ಕೊನೆಯ ಹಾಳೆ ಮುಟ್ಟಿ ಕೇಳಿದಳು. ಅದೊಂದು ಮಾತ್ರ ಟೈಪು ಮಾಡಿದ್ದು.

"ಕಾರ್ಖಾನೇಲಿ ನೂರಕ್ಕೆ ಹನ್ನೊಂದು ಕೆಟ್ಟವು ಬರ್ತಿದ್ವು ಅಂತ. ಸುಳ್ಳಲ್ವಲ್ಲ?"

"ಸುಳ್ಳಲ್ಲ. ಆ ಹನ್ನೊಂದನ್ನೂ ಕತ್ತರಿಸಿದೀವಿ, ಒಂದೂ ಗೇಟು ದಾಟಿಲ್ಲ. ಅದನ್ನೂ ಬರೆದಿದಾರಾ?"

"ಖರೀದಿ ಸಮಿತಿಯವ್ರಿಗೆ ಅಷ್ಟುದ್ದ ಓದೋಕೆ ಪುರುಸೊತ್ತೆಲ್ಲಿದೆಯಮ್ಮಾ?" ಸಾಹೇಬರು ನಕ್ಕರು.

"ನೀವೀಗ ಸೇರಿರೋ ಕಂಪನೀದು ನೂರಕ್ಕೆ ಎಷ್ಟು?"

"ಸೊನ್ನೆ."

"ಸೊನ್ನೆ!" ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಅಲ್ಲಿ ಕೆಂಪು ಪುಸ್ತಕ ಯಾರು ಬರೀತಾರೆ ಸಾರ್?"

ಸಾಹೇಬರು ಒಂದು ಗುಟುಕು ಟೀ ಕುಡಿದರು. "ಅಲ್ಲಿ ಅಂಥ ಪುಸ್ತಕ ಇಲ್ಲ."

ಕಾರ್ಖಾನೆಯಿಂದ ಬಡ್ತಿಯ ಮೇಲೆ ರಾಜಧಾನಿಯ ಖರೀದಿ ಕಚೇರಿಗೆ ಹೋಗಿದ್ದ ಸಾಹೇಬರು, ಮಾರ್ಚಿ ಮೂವತ್ತೊಂದಕ್ಕೆ ನಿವೃತ್ತರಾಗಿ ಏಪ್ರಿಲ್ ಒಂದಕ್ಕೆ ಪ್ಯಾರಾಚೂಟ್ ಹೊಲಿಯುವ ಈ ಖಾಸಗಿ ಕಂಪನಿಯ ಸಲಹೆಗಾರರಾಗಿದ್ದರು. ಕಂಪನಿಯ ಹೊಸ ಶೆಡ್ಡು ಎದ್ದಿದ್ದು ಖರೀದಿ ಸಮಿತಿಯ ಅಧ್ಯಕ್ಷರಾಗಿದ್ದ ಸಂಸದರ ಕ್ಷೇತ್ರದಲ್ಲಿ. ಬಜೆಟ್ಟಿನಲ್ಲಿ ರಕ್ಷಣೆಯ ಹಣ ಒಂದೂವರೆ ಪಟ್ಟಾದಾಗ ಎರಡೂ ಪಕ್ಷದವರು ಮೇಜು ಕುಟ್ಟಿದ್ದರು. ಕಾರ್ಖಾನೆಗೆ ಮಾತ್ರ ಒಂದು ಹೊಸ ಸೂಜಿಯೂ ಬರಲಿಲ್ಲ. ಕಂಪನಿಯ ಬೆಲೆ ಕಾರ್ಖಾನೆಯದಕ್ಕಿಂತ ಮೂರು ಪಟ್ಟು ಯಾಕೆ ಎಂದು ಕೇಳಿದ ಒಬ್ಬ ಸದಸ್ಯನಿಗೆ ಟೀವಿಯವರು, ಸೈನಿಕನ ಜೀವಕ್ಕೆ ಬೆಲೆ ಕಟ್ಟುತ್ತೀಯಾ ಎಂದು ಮೂರು ದಿನ ಉಗಿದರು. ಆತ ಆಮೇಲೆ ಬಾಯಿ ಬಿಟ್ಟಿಲ್ಲ.

ಮಗಳು ಒಳಗಿನಿಂದ ಬಿಸ್ಕತ್ತಿನ ತಟ್ಟೆ ತಂದಿಟ್ಟು ಅಲ್ಲೇ ನಿಂತಳು. ಹದಿನಾರು ವರ್ಷದಿಂದ ಅವಳು ಅದೇ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು.

"ಹಾಕ್ಬಿಡಮ್ಮಾ."

"ನೀನು ಸುಮ್ನಿರೇ."

"ಯಾಕೆ ಸುಮ್ನಿರ್ಲಿ? ನೀನು ಹಾಕ್ದಿದ್ರೆ ಸ್ಟೋರ್‌ಕೀಪರ್ ಹಾಕ್ತಾನೆ. ಕಾರ್ಖಾನೆ ಹೇಗಿದ್ರೂ ಮುಚ್ಚಿ ಆರ್ಡರೆಲ್ಲ ಕಂಪನಿಗೆ ಕೊಡ್ತಾರೆ. ಹೊಸ ಶೆಡ್ಡಲ್ಲಿ ನನ್ನನ್ನ ಸೂಪರ್‌ವೈಸರ್ ಮಾಡ್ತೀನಿ ಅಂದಿದಾರೆ ಸಾರ್."

"ಮಾತು ಕೊಟ್ಟಿದೀನಿ," ಎಂದರು ಸಾಹೇಬರು. "ನೀವು ಹಾಕಿದ್ರೆ ಅದಕ್ಕೊಂದು ತೂಕ ಬರತ್ತಮ್ಮಾ. ಸ್ಟೋರ್‌ಕೀಪರ್ ಹಾಕಿದ್ರೆ ಅವನ ತಮ್ಮನಿಗೆ ಹೋಗತ್ತೆ ಆ ಕೆಲಸ."

"ನಿನಗಾದ್ರೆ ಪಿಂಚಣಿ ಬರತ್ತೆ," ಎಂದಳು ಮಗಳು. ಧ್ವನಿ ಏರಿಸಲಿಲ್ಲ. "ನನಗೇನಿದೆ?"

ಅಕ್ಕ ಟೈಪು ಮಾಡಿದ ಹಾಳೆಯನ್ನು ಹತ್ತಿರಕ್ಕೆ ಸರಿಸಿಕೊಂಡಳು. ಅವಳು ಪೆನ್ನು ತೆಗೆದುಕೊಂಡಳು. ಕಂಪನಿಯ ಹೆಸರಿದ್ದ ಒಳ್ಳೆಯ ಪೆನ್ನು. ಬರೆಯಲು ಜಾಗ ಸಾಲದೆ, ಮೇಜಿನ ಮೇಲಿದ್ದ ಬ್ಯಾಗನ್ನು ಪಕ್ಕಕ್ಕೆ ಎಳೆದಳು. ಸಾಹೇಬರು ಉಡುಗೊರೆಯಾಗಿ ತಂದಿದ್ದ, ಕಂಪನಿಯಲ್ಲೇ ಹೊಲಿದ ಬ್ಯಾಗು. ಅದಕ್ಕೆ ತೂಗುಬಿಟ್ಟಿದ್ದ ಕಾರ್ಡಿನಲ್ಲಿ ಚಿನ್ನದ ಅಕ್ಷರಗಳಿದ್ದವು: "ಆಕಾಶದಲ್ಲಿ ನಂಬಿದ ಅದೇ ಹೊಲಿಗೆ, ಈಗ ನಿಮ್ಮ ಹೆಗಲಿಗೆ."

ಬ್ಯಾಗಿನ ಪಟ್ಟಿ ಅವಳ ಕೈಯೊಳಗಿಂದ ಹಾದುಹೋಯಿತು. ಉಗುರು ತನ್ನಷ್ಟಕ್ಕೆ ಹೊಲಿಗೆಯ ಮೇಲೆ ಓಡಿ, ನಿಂತಿತು.

ಅಕ್ಕ ಪೆನ್ನು ಕೆಳಗಿಟ್ಟಳು. ಎದ್ದು ಹೋಗಿ ಹೊಲಿಗೆ ಡಬ್ಬಿಯಿಂದ ಉಕ್ಕಿನ ಅಳತೆಪಟ್ಟಿ ತಂದು ಸಾಹೇಬರ ಮುಂದಿಟ್ಟಳು. ಅಂಚಿನ ಗೀಟುಗಳು ಅರ್ಧ ಸವೆದಿದ್ದವು.

"ಅರೆ! ಇದನ್ನ ಇನ್ನೂ ಇಟ್ಕೊಂಡಿದೀರಾ?" ಸಾಹೇಬರ ಮುಖ ಒಂದು ಕ್ಷಣ ಹಳೆಯದಾಯಿತು, ಅಂದರೆ ಎಳೆಯದಾಯಿತು. "ನಾನು ಹೊರಟ ದಿನ ಕೊಟ್ಟಿದ್ದಲ್ವಾ? ನೀವೆಲ್ಲ ಗೇಟಿನ ತನಕ ಬಂದಿದ್ರಿ. ಯಾರೋ ಅತ್ತಿದ್ರು ಕೂಡ."

"ಅತ್ತಿದ್ದು ನೀವೇ ಸಾರ್," ಎಂದಳು ಮಗಳು.

ಮೂವರೂ ನಕ್ಕರು. ಅಕ್ಕ ಬ್ಯಾಗನ್ನು ಅವರ ತೊಡೆಯ ಮೇಲಿಟ್ಟಳು. "ನೋಡಿ ಸಾರ್."

ಸಾಹೇಬರು ಅಳತೆಪಟ್ಟಿ ಮುಟ್ಟಲಿಲ್ಲ. ಹೆಬ್ಬೆರಳ ಉಗುರು ಹೊಲಿಗೆಯ ಮೇಲೆ ಹೊರಟಿತು. ತುಟಿ ಅಲುಗುತ್ತಿತ್ತು. ಒಂದಂಗುಲ ಮುಗಿದಾಗ ಆರಕ್ಕೆ ನಿಂತರು. ಹಿಂದೆ ಸರಿದು ಇನ್ನೊಂದು ಜಾಗದಲ್ಲಿ ಶುರುಮಾಡಿ ಮತ್ತೆ ಆರಕ್ಕೆ ನಿಂತರು.

"ಇದು ಬರೀ ಬ್ಯಾಗಮ್ಮಾ."

"ಕಾರ್ಡಲ್ಲಿ ಹಾಗಿಲ್ಲವಲ್ಲ ಸಾರ್."

ಸಾಹೇಬರು ಕಾರ್ಡನ್ನು ಮಗುಚಿ ಹಾಕಿದರು. ಮಗಳು ಅವರ ಮುಖವನ್ನೂ ಬ್ಯಾಗನ್ನೂ ನೋಡಿದಳು. ಎಷ್ಟೆಂದು ಅವಳಿಗೂ ನಿಂತಲ್ಲಿಂದಲೇ ಕಾಣುತ್ತಿತ್ತು. ಸಾಹೇಬರು ಕಾಗದಗಳನ್ನು ಒಟ್ಟುಮಾಡಿ, ಮೇಜಿಗೆ ಕುಟ್ಟಿ ಅಂಚು ಸಮ ಮಾಡಿದರು.

"ಹಾಗಾದ್ರೆ ಸ್ಟೋರ್‌ಕೀಪರ್ ಮನೆಗೆ ಹೋಗ್ಬೇಕಾಗತ್ತೆ."

"ಹೋಗಿಬನ್ನಿ ಸಾರ್."

"ಮಗಳ ವಿಷಯ ಆಮೇಲೆ ನನ್ನ ಕೈಲಿರಲ್ಲ."

"ಗೊತ್ತಾಯ್ತು ಸಾರ್." ಅಕ್ಕ ಬ್ಯಾಗನ್ನು ಅವರ ಕೈಗೇ ಕೊಟ್ಟಳು. ಪೆನ್ನನ್ನೂ ಕೊಟ್ಟಳು.

ಬಾಗಿಲು ಹಾಕಿಕೊಂಡಿತು. ಮಗಳು ಲೋಟಗಳನ್ನು ಸದ್ದು ಬರುವ ಹಾಗೆ ಎತ್ತಿಕೊಂಡು ಹೋಗಿ ತೊಟ್ಟಿಯಲ್ಲಿ ಹಾಕಿದಳು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ವಾಪಸು ಬಂದು ಅಮ್ಮನ ಕಡೆ ನೋಡದೆ ಕಿಟಕಿಯ ಹತ್ತಿರ ನಿಂತಳು. ಕಾರು ಹೊರಟ ಸದ್ದು ಬಂದಿರಲಿಲ್ಲ.

"ಹೋದ್ರಾ?" ಅಕ್ಕ ಕೇಳಿದಳು.

"ಇಲ್ಲ. ಕಾರಲ್ಲಿ ಕೂತಿದಾರೆ. ಬ್ಯಾಗು ತೊಡೆ ಮೇಲಿದೆ."

"ಏನ್ ಮಾಡ್ತಿದಾರೆ?"

ಮಗಳು ಬಗ್ಗಿ ನೋಡಿದಳು. ಸಾಹೇಬರ ತುಟಿ ಅಲುಗುತ್ತಿತ್ತು. ಸರಿಸಿ ಹಿಡಿದಿದ್ದ ಪರದೆಯ ಅಂಚು ಅವಳ ಮುಷ್ಟಿಯಲ್ಲಿತ್ತು. ಹದಿನಾರು ವರ್ಷದ ಹಿಂದಿನ ಆ ಹೊಲಿಗೆಯ ಮೇಲೆ ಅವಳ ಹೆಬ್ಬೆರಳ ಉಗುರು ಮೆಲ್ಲಗೆ ಹೊರಟಿತ್ತು.