ಅಡ್ಡ ಚಾಚಿದ ಕಾಲು

ಅವರ ಮುಖ ನೆನಪಿಗೆ ಬರುವ ಮೊದಲು ನನಗೆ ಅವರ ಕಾಲುಗಳು ಕಾಣುತ್ತವೆ. ಡ್ರೆಸಿಂಗ್ ರೂಮಿನಿಂದ ಬಚ್ಚಲಿಗೆ ಹೋಗುವ ಇಕ್ಕಟ್ಟಾದ ದಾರಿಗೆ ಅಡ್ಡಲಾಗಿ, ಎದುರು ಗೋಡೆಗೆ ಹಿಮ್ಮಡಿ ತಾಗುವಷ್ಟು ಉದ್ದಕ್ಕೆ ಚಾಚಿದ ಎರಡು ದಪ್ಪ ಕಾಲುಗಳು. ಪಂದ್ಯ ಮುಗಿಸಿ ಬಂದವರೆಲ್ಲ ಮೈ ತೊಳೆಯಲು ಆ ದಾರಿಯಲ್ಲೇ ಹೋಗಬೇಕು. ಹೋಗಬೇಕೆಂದರೆ ಅವರು ಕಾಲು ಮಡಚಬೇಕು. ಮಡಚುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಸೋಪು ಕೈಯಲ್ಲಿ ಹಿಡಿದು ನಿಂತವನು ಏನಾದರೊಂದು ಮಾತಾಡಲೇಬೇಕಿತ್ತು. ಆಟಗಾರರು ಅವರಿಗೆ ಗೇಟಣ್ಣ ಎಂದು ಹೆಸರಿಟ್ಟಿದ್ದರು. "ಗೇಟು ಹಾಕಿದೆ ಕಣೋ, ರೈಲು ಹೋಗೋವರೆಗೂ ನಿಲ್ಲು" ಎಂದು ಹಿಂದಿನವನು ಮುಂದಿನವನಿಗೆ ಹೇಳುವುದು ಅಲ್ಲಿನ ನಿತ್ಯದ ತಮಾಷೆಯಾಗಿತ್ತು.

ಅದು ಬೇಸ್‌ಬಾಲ್ ತಂಡ; ಗೇಟಣ್ಣ ಅದರ ಕ್ಯಾಚರ್. ಪಿಚರ್ ಎಸೆದ ಚೆಂಡನ್ನು ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುವವನೇ ಕ್ಯಾಚರ್. ಒಂದೊಂದು ಪಂದ್ಯದಲ್ಲೂ ಲೆಕ್ಕವಿಲ್ಲದಷ್ಟು ಸಲ ಕೂತು ಏಳುವ ಆ ಕೆಲಸವನ್ನು ಅವರು ಮೀಸೆ ಮೂಡುವ ವಯಸ್ಸಿನಿಂದ ಕಿವಿಯ ಪಕ್ಕದ ಕೂದಲು ನರೆಯುವವರೆಗೆ ಮಾಡಿದ್ದರು. ಬಲಗೈಯ ಬೆರಳುಗಳು ಚೆಂಡಿನ ಪೆಟ್ಟು ತಿಂದು ಒಂದೊಂದೂ ಒಂದೊಂದು ದಿಕ್ಕು ನೋಡುತ್ತಿದ್ದವು. ನಡೆದರೆ ಮೈ ಅತ್ತಿತ್ತ ತೂಗುತ್ತಿತ್ತು, ಎರಡು ತುಂಬಿದ ಕೊಡ ಹಿಡಿದವರ ಹಾಗೆ. ಚಳಿಯಿರಲಿ ಸೆಕೆಯಿರಲಿ ಮೈಮೇಲೆ ತಂಡದ ಹಳೆಯ ಜಾಕೆಟ್ಟು; ಅದರ ಜಿಪ್ಪು ಕೆಟ್ಟು ಎಷ್ಟೋ ಕಾಲವಾಗಿದ್ದರೂ ಒಂದು ಪಿನ್ನು ಚುಚ್ಚಿಕೊಂಡು ದಿನ ದೂಡುತ್ತಿದ್ದರು. ಅವರ ಹೆಂಡತಿ ಟೈಲರಿಂಗ್ ಅಂಗಡಿ ನಡೆಸುತ್ತಿದ್ದುದರಿಂದ ಈ ಪಿನ್ನು ಎಲ್ಲರ ನಗೆಗೆ ಈಡಾಗಿತ್ತು. ನಾನೊಮ್ಮೆ ಕೇಳಿಯೇ ಬಿಟ್ಟಾಗ ಅತ್ತಿಗೆ ಕತ್ತರಿಯಿಂದ ಕಣ್ಣೆತ್ತದೆ, "ಬಿಚ್ಚಿ ಕೊಟ್ರೆ ತಾನೇ ಹೊಲಿಯೋದು?" ಎಂದಿದ್ದರು.

ನಾನು ಆ ತಂಡಕ್ಕೆ ಫಿಸಿಯೋಥೆರಪಿ ಮಾಡಲು ಸೇರಿದವನು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನೇ ಆದ್ದರಿಂದ ಓದಿದ್ದನ್ನೆಲ್ಲ ಅಕ್ಷರಶಃ ನಂಬಿದ್ದೆ. ಸ್ನಾಯು ಗಟ್ಟಿಯಿದ್ದು ಕೀಲು ಸಲೀಸಾಗಿ ತಿರುಗಿದರೆ ತಂಡ ಗೆಲ್ಲುತ್ತದೆ ಎಂದೇ ತಿಳಿದಿದ್ದೆ. ದಿನಾ ಸಂಜೆ ಅವರ ಮಂಡಿಗೆ ಐಸು ಕಟ್ಟಿ ಪಕ್ಕದಲ್ಲಿ ಕೂರುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಹಾಗೆ ಕೂತು ಕೂತು, ಬೇರೆಲ್ಲೂ ಹೇಳಿಕೊಡದ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬಿದ್ದವು.

ಒಂದು ಪಂದ್ಯ ನಮ್ಮ ಕೈತಪ್ಪಿ ಹೋದ ದಿನದ ಮಾತು. ಸುಲಭವಾಗಿ ಕೈಗೆ ಬಂದಿದ್ದ ಚೆಂಡನ್ನು ಗುಬ್ಬಿ ಎಂದು ಕರೆಯುವ ನಮ್ಮ ಕುಳ್ಳ ಆಟಗಾರ ಕೈಚೆಲ್ಲಿದ್ದ. ಎಡಗೈಯಲ್ಲಿ ಎಸೆಯುವ ಪಿಚರ್, ಎಡಚ, ಮೈದಾನದಲ್ಲೇ ಎಲ್ಲರೆದುರು ಗ್ಲೌಸು ಬಿಸುಟು ಅವನನ್ನು ಬೈದಿದ್ದ. ಒಳಗೆ ಬಂದ ಮೇಲೆ ಇಬ್ಬರೂ ಎರಡು ಮೂಲೆ ಹಿಡಿದರು. ಉಳಿದವರು ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಬೂಟಿನ ಲಾಡಿಯನ್ನೇ ನೋಡುತ್ತ ಕೂತರು. ಕೊನೆಗೆ ಇಬ್ಬರೂ ಬಚ್ಚಲಿಗೆ ಹೊರಟು ಗೇಟಿನ ಬಳಿ ಎದುರಾದರು. ಗೇಟಣ್ಣ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಕಾಲು ಊದಿದೆ, ಬೂಟು ಬರುತ್ತಿಲ್ಲ, ಒಬ್ಬೊಬ್ಬ ಒಂದೊಂದು ಎಳೆಯಿರಿ ಎಂದರು. ಇಬ್ಬರೂ ನೆಲದ ಮೇಲೆ ಮುಖಾಮುಖಿ ಕೂತು, ಹಲ್ಲು ಕಚ್ಚಿ ಒಂದೊಂದು ಬೂಟು ಎಳೆದರು. ಎಡಚನ ಕೈಗೆ ಬೂಟು ಫಕ್ಕನೆ ಕಿತ್ತು ಬಂದು ಅವನು ಹಿಂದಕ್ಕೆ ಬಿದ್ದಾಗ ರೂಮಿನಲ್ಲಿ ಯಾರೋ ನಕ್ಕರು. ಬಿದ್ದಲ್ಲಿಂದಲೇ ಎಡಚ ಕೇಳಿದ.

"ಬಿಸಿಲು ಕಣ್ಣಿಗೆ ಹೊಡೀತಿತ್ತೇನೋ?"

"ಹೂಂ. ಚೆಂಡೇ ಕಾಣ್ಲಿಲ್ಲ."

ಅಷ್ಟೇ. ಮುಂದಿನ ಪಂದ್ಯದಲ್ಲಿ ಗುಬ್ಬಿಯ ಕಡೆಗೆ ಚೆಂಡು ಹಾರಿದಾಗಲೆಲ್ಲ ಎಡಚ "ಬಿಸಿಲು, ಬಿಸಿಲು" ಎಂದು ಕೂಗಿ ಎಚ್ಚರಿಸುತ್ತಿದ್ದುದನ್ನು ನಾನು ಕೇಳಿದ್ದೇನೆ. ಅವತ್ತು ಉಪಾಯ ಮಾಡಿದಿರಾ ಎಂದು ಗೇಟಣ್ಣನನ್ನು ಕೇಳಿದರೆ, "ನಂಗೇನ್ ಗೊತ್ತು, ಬೂಟು ನಿಜ್ವಾಗ್ಲೂ ಬರ್ತಿರ್ಲಿಲ್ಲ" ಎಂದರು. "ನಂಗೇನ್ ಗೊತ್ತು" ಎನ್ನದೆ ಅವರು ಬಾಯಿ ತೆರೆದದ್ದೇ ಇಲ್ಲ.

ತಂಡದ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಗೇಟಣ್ಣನ ಮಂಡಿ ಇನ್ನೊಂದು ವರ್ಷ ತಡೆಯುತ್ತದೆಯೇ ಎಂದು ನನ್ನನ್ನು ಕೇಳಿದಾಗ ಇಲ್ಲವೆಂದೆ. ಇದ್ದದ್ದನ್ನು ಹೇಳದೆ ವಿಧಿಯಿರಲಿಲ್ಲ. ಆಟಕ್ಕಾಗದವರನ್ನು ಉಳಿದ ತಂಡಗಳು ಸದ್ದಿಲ್ಲದೆ ಮನೆಗೆ ಕಳಿಸುತ್ತಿದ್ದವು. ಆದರೆ ಈತನಿಗೆ ಡ್ರೆಸಿಂಗ್ ರೂಮಿನಲ್ಲಿ ನಡೆಯುತ್ತಿದ್ದುದು ಗೊತ್ತಿತ್ತು. ಹೀಗಾಗಿ ಗೇಟಣ್ಣನಿಗೆ ಮಾರ್ಗದರ್ಶಕರೆಂಬ ಪದವಿ ಕೊಟ್ಟು, ಮಹಡಿಯ ಮೇಲೊಂದು ಕೋಣೆ, ಮೆತ್ತೆಯ ಕುರ್ಚಿ, ಫ್ಯಾನು, ಬಾಗಿಲ ಮೇಲೊಂದು ಫಲಕ ಎಲ್ಲವನ್ನೂ ಮಾಡಿಸಿದ. ಇಂಥ ಗೌರವ ಬೇಡವೆನ್ನುವುದು ಹೇಗೆ? ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಕೆಳಗೆ ಬಚ್ಚಲಿನ ದಾರಿ ತೆರವಾಯಿತು. ಹೋಗುವವರು ಹೋದರು, ಬರುವವರು ಬಂದರು, ಯಾರೂ ಎಲ್ಲೂ ನಿಲ್ಲುವ ಅಗತ್ಯವಿರಲಿಲ್ಲ.

ತಂಡ ಸೋಲತೊಡಗಿತು. ಸೋಲಿಗೆ ಹತ್ತಾರು ಕಾರಣಗಳಿರುತ್ತವೆ. ಹೊಸ ಕ್ಯಾಚರ್ ಪಳಗಿರಲಿಲ್ಲ, ಇಬ್ಬರ ಭುಜ ಕೆಟ್ಟಿತ್ತು. ಆದರೂ ಎಡಚ ಮತ್ತು ಗುಬ್ಬಿ ಪುನಃ ಜಗಳವಾಡಿ ವಾರಗಟ್ಟಲೆ ಮಾತು ಬಿಟ್ಟಿದ್ದು ನನ್ನ ಯಾವ ಐಸಿಗೂ ಬಗ್ಗುವ ನೋವಾಗಿರಲಿಲ್ಲ. ಮ್ಯಾನೇಜರ್ ಇಬ್ಬರನ್ನೂ ಮೇಲಕ್ಕೆ ಕಳಿಸಿದ. ಹೋದಷ್ಟೇ ಬೇಗ ಅವರು ಇಳಿದು ಬಂದರು. ಆ ಸಂಜೆ ಐಸು ಕಟ್ಟುವಾಗ ಏನಾಯಿತೆಂದು ಕೇಳಿದೆ. ಗೇಟಣ್ಣ ಹೇಳಿದರು.

"ನಂಗೇನ್ ಗೊತ್ತು. ಮೆಟ್ಲು ಹತ್ತಿ ಬರೋಷ್ಟ್ರಲ್ಲಿ ಏನ್ ಹೇಳ್ಬೇಕೂಂತ ತಯಾರಾಗಿ ಬಂದಿರ್ತಾರೆ ಕಣಪ್ಪ. ಸೋಪು ಕೈಲಿ ಹಿಡ್ಕೊಂಡು ನಿಂತೋನು ಅಷ್ಟು ಚೆನ್ನಾಗಿ ಸುಳ್ಳು ಹೇಳಲ್ಲ."

ಕೊನೆಯ ಪಂದ್ಯ ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ ಎನ್ನುವ ಹಂತಕ್ಕೆ ಬಂದಾಗ ಮ್ಯಾನೇಜರ್ ತಾನೇ ಮಹಡಿ ಹತ್ತಿ, ಒಂದು ದಿನದ ಮಟ್ಟಿಗೆ ಹಳೆಯ ಜಾಗದಲ್ಲಿ ಬಂದು ಕೂರಿ ಎಂದು ಕೇಳಿಕೊಂಡ. ಗೇಟಣ್ಣ ಇಳಿದು ಬಂದರು, ಪಿನ್ನು ಚುಚ್ಚಿದ ಜಾಕೆಟ್ಟಿನಲ್ಲೇ. ಬೆಂಚಿನ ಮೇಲೆ ಕೂತು ಕಾಲು ಚಾಚಿದರು. ಪಂದ್ಯಕ್ಕೆ ಮುನ್ನ ಮುಖ ತೊಳೆಯಲು ಹೊರಟವರು ಒಬ್ಬೊಬ್ಬರಾಗಿ ಬಂದು ಅವರ ಮುಂದೆ ನಿಂತರು. ಯಾರೂ ಗೇಟಿನ ತಮಾಷೆ ಮಾಡಲಿಲ್ಲ. ಕೈಕಟ್ಟಿ, ತಲೆ ತಗ್ಗಿಸಿ, ಅವರೇನೋ ಹೇಳುತ್ತಾರೆಂದು ಕಾದರು. ಎಡಚ ಬಗ್ಗಿ, "ಬೂಟು ಎಳೀಲಾ ಅಣ್ಣಾ?" ಎಂದ. ಬೂಟು ಆಗ ತಾನೇ ಹಾಕಿಕೊಂಡದ್ದು; ಸಡಿಲವಾಗಿಯೇ ಇತ್ತು.

ಗೇಟಣ್ಣ ಅವನನ್ನು ನೋಡಿದರು, ಅವನ ಹಿಂದೆ ಸಾಲಾಗಿ ನಿಂತವರನ್ನು ನೋಡಿದರು. ಆಮೇಲೆ ಎರಡು ಕೈಯಿಂದ ಒಂದು ಕಾಲನ್ನು ಎತ್ತಿ ಬೆಂಚಿನ ಕೆಳಗಿಟ್ಟರು, ಇನ್ನೊಂದನ್ನೂ ಎತ್ತಿಟ್ಟರು.

"ಹೋಗ್ರಪ್ಪ. ದಾರಿ ಬಿಟ್ಟಿದೀನಿ."

ಆ ಪಂದ್ಯ ನಾವು ಸೋತೆವು. ಮಾರನೆಯ ದಿನ ಅವರು ಮಹಡಿಯ ಕೋಣೆಯ ಬೀಗದ ಕೈಯನ್ನು ಮ್ಯಾನೇಜರ್ ಕೈಗಿಟ್ಟು ಹೊರಟರು. ನಿಮ್ಮಿಂದೇನೂ ತಪ್ಪಾಗಿಲ್ಲವಲ್ಲ ಎಂದು ಆತ ಅಂಗಲಾಚಿದಾಗ, ಅಲ್ಲಿ ಕಾಲು ಚಾಚುತ್ತಿದ್ದುದು ನೋವಿಗೆ, ಈಗ ಚಾಚಿದರೆ ನಾಟಕವಾಗುತ್ತದೆ ಎಂದಷ್ಟೇ ಅಂದರಂತೆ.

ಈಗ ಅವರು ಅತ್ತಿಗೆಯ ಅಂಗಡಿಯ ಬಾಗಿಲಲ್ಲಿ ಕೂರುತ್ತಾರೆ. ಅಳತೆ ಕೊಡಲು ಬಂದವರು ಅವರ ಕಾಲು ದಾಟಲಾರದೆ ಹೊಸ್ತಿಲಾಚೆ ನಿಂತು, ಸೊಸೆಯ ವಿಷಯ, ಸೊಂಟದ ವಿಷಯ ಹೇಳಿಕೊಳ್ಳುತ್ತಾರೆಂದೂ ಇದರಿಂದ ಹೊಲಿಗೆ ಹಿಂದೆ ಬೀಳುತ್ತಿದೆಯೆಂದೂ ಅತ್ತಿಗೆಯ ದೂರು. ಮೊನ್ನೆ ಅವರ ಮಂಡಿ ನೋಡಲೆಂದು ಹೋಗಿದ್ದೆ. ಅವರು ಕಾಲು ಮಡಚುವವರೆಗೆ ಚೀಲ ಹಿಡಿದು ನಿಂತಿದ್ದವನು, ಏಕೋ, ನನಗೆ ನಿದ್ದೆ ಬರುತ್ತಿಲ್ಲವೆಂದೂ ಈ ಕೆಲಸ ಸಾಕಾಗಿದೆಯೆಂದೂ ಅವರು ಕೇಳದೆಯೇ ಹೇಳಿಬಿಟ್ಟೆ. ಅವರು "ಹೂಂ" ಎಂದರು.

ಜನ ಸೇರಿ ದುಡಿಯುವ ಕಡೆಯಲ್ಲೆಲ್ಲ ಇಂಥವರೊಬ್ಬರು ಇರುತ್ತಾರೆ. ತಮ್ಮ ನೋವಿಗೆ ಅನುಕೂಲವಾದ ಒಂದು ಜಾಗ ಹಿಡಿದು ಕೂತಿರುತ್ತಾರೆ, ನಾವು ಅವಸರದಲ್ಲಿ ಅವರನ್ನು ಎಡವುತ್ತೇವೆ, ಗೊಣಗುತ್ತೇವೆ, ಹಾಗೆ ನಿಂತ ಗಳಿಗೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತೇವೆ. ಎಲ್ಲಿಯವರೆಗೆ ಅವರನ್ನು ಅಡ್ಡಿಯೆಂದು ತಿಳಿದಿರುತ್ತೇವೋ ಅಲ್ಲಿಯವರೆಗೆ ಅವರಿಂದ ನಮಗೆ ಒಳಿತಾಗುತ್ತಿರುತ್ತದೆ. ಆಮೇಲೆ ಯಾರೋ ಬುದ್ಧಿವಂತರು ಅದನ್ನು ಕಂಡುಹಿಡಿದು, ಅದಕ್ಕೊಂದು ಹೆಸರಿಟ್ಟು, ಕುರ್ಚಿ ತರಿಸುತ್ತಾರೆ. ಕುರ್ಚಿ ತರಿಸುವುದನ್ನು ನಾವು ಬಿಡುವವರಲ್ಲ. ಅವರೂ ಎದ್ದು, ಕಾಲು ಚಾಚಲು ಇನ್ನೊಂದು ಬಾಗಿಲು ಹುಡುಕಿಕೊಂಡು ಹೋಗುತ್ತಾರೆ.